ಗದ್ದೆಗಿಳಿದ ಖೋ ಖೋ ತಂಡ

ನೇಮಕದ ಆದೇಶದಲ್ಲಿ ನಿಮ್ಮನ್ನು 'ದೈಹಿಕ ಶಿಕ್ಷಣ ಶಿಕ್ಷಕರು' ಎಂದು ಬರೆದಿರುತ್ತಾರೆ. ಅದನ್ನು ಪೂರ್ತಿ ನಂಬಬೇಡಿ. ಪ್ರಾರ್ಥನೆಗೆ ಸಾಲು ನಿಲ್ಲಿಸುವವರು ನೀವು, ಉಗುರು ನೋಡುವವರು ನೀವು, ಮೈದಾನಕ್ಕೆ ನುಗ್ಗಿದ ಹಂದಿ ಓಡಿಸುವವರು ನೀವು, ಗಣಿತದ ಮಾಸ್ತರು ರಜೆ ಹಾಕಿದರೆ ಆ ಮಕ್ಕಳನ್ನು ಗದ್ದಲವಿಲ್ಲದೆ ಕೂರಿಸುವವರೂ ನೀವೇ. ಆಗಸ್ಟ್ ಹದಿನೈದು ಹತ್ತಿರ ಬಂತೆಂದರೆ ಇಡೀ ಶಾಲೆಗೆ ನೀವು ಬೇಕು. ಹದಿನಾರಕ್ಕೆ ನೀವು ಯಾರೋ.

ಈ ಕೆಲಸಕ್ಕೆ ಹೊಸದಾಗಿ ಸೇರಲಿರುವ ಇಬ್ಬರು ಹುಡುಗಿಯರು ಮೊನ್ನೆ ಸಿಂಧನೂರಿನ ನಮ್ಮ ಮನೆಗೆ ಬಂದಿದ್ದರು. ಕೆಲಸ ಹೇಗಿರುತ್ತದೆ ಎಂದು ಕೇಳಿದರು. ಚಹಾ ಆರಿ ತಣ್ಣಗಾಗುವ ತನಕ ಹೇಳಿದೆ, ಮುಗಿಯಲಿಲ್ಲ. ಅವರು ಬಸ್ಸು ತಪ್ಪುತ್ತದೆಂದು ಎದ್ದುಬಿಟ್ಟರು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮುದಗಲ್ಲಿನವಳು. ಕೆಲಸ ಶುರು ಮಾಡಿದ್ದು ಲಿಂಗಸುಗೂರಿನಲ್ಲಿ, ಹೆಚ್ಚು ಕಾಲ ಇದ್ದದ್ದು ಮಸ್ಕಿಯಲ್ಲಿ, ಕೊನೆಗೆ ನಿವೃತ್ತಿಯಾದದ್ದು ಸಿಂಧನೂರಿನಲ್ಲಿ. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ನಾನು ಪೀಟಿ ಅಕ್ಕೋರು. ನನಗೊಂದು ಹೆಸರಿದೆ ಎಂಬುದು ಬಹಳ ಮಂದಿಗೆ ಗೊತ್ತಾದದ್ದು ಬೀಳ್ಕೊಡುಗೆಯ ಬ್ಯಾನರ್ ನೋಡಿದ ಮೇಲೆಯೇ. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಾ ನಿಂತಾಗಲೂ ನನ್ನನ್ನು ಕಂಡ ಹುಡುಗರು ಅಂಗಿ ಗುಂಡಿ ಹಾಕಿಕೊಳ್ಳುತ್ತಿದ್ದರು. ಅಷ್ಟು ಸಿಡುಕಿಯಾಗಿದ್ದೆ. ಈಗಲೂ ಇದ್ದೇನೆ, ಆದರೆ ಈಗ ಹೆದರುವವರಿಲ್ಲ.

ಲಿಂಗಸುಗೂರಿನ ನನ್ನ ಮೊದಲ ಹೆಡ್‌ಮಾಸ್ತರು ಬಹಳ ಒಳ್ಳೆಯವರು. ಅವರ ಪ್ರಕಾರ ಆಟವೆಂದರೆ ಮಕ್ಕಳನ್ನು ಕೋಣೆಯಿಂದ ಹೊರಗಿಡುವ ಉಪಾಯ. "ಅಕ್ಕೋರ, ಒಂದು ಚೆಂಡು ಕೊಟ್ಟು ಬಿಟ್ಟುಬಿಡ್ರಿ. ಹುಡುಗ್ರು ತಾವ ಆಡಿಕೊಂತಾವ. ನೀವ್ಯಾಕ ಬಿಸಲಾಗ ಸಾಯ್ತೀರಿ?" ಎನ್ನುತ್ತಿದ್ದರು. ಆ ಒಂದು ಚೆಂಡೂ ಅವರ ಅಲ್ಮಾರಿಯಲ್ಲಿ ಭದ್ರವಾಗಿತ್ತು, ಆಡಿದರೆ ಸವೆಯುತ್ತದೆ ಎಂದು. ಕಾಡಿ ಬೇಡಿ ಕೀಲಿ ತೆಗೆಸಿದಾಗ ಇಲಿಗಳು ಅದರ ಆಟ ಮುಗಿಸಿಬಿಟ್ಟಿದ್ದವು.

ಮಸ್ಕಿಯ ಹೆಡ್‌ಮಾಸ್ತರು ಇದಕ್ಕೆ ತದ್ವಿರುದ್ಧ, ಮಹಾ ಉತ್ಸಾಹಿ. ನಮ್ಮ ಶಾಲೆಯಲ್ಲಿ ಕ್ರೀಡಾಕೂಟ ನಡೆಯುವುದಿತ್ತು, ಗೆರೆ ಹಾಕಲು ಸುಣ್ಣ ಬೇಕಿತ್ತು. ಸುಣ್ಣ ಯಾಕೆ, ಸಿಂಧನೂರಿನ ರೈಸ್ ಮಿಲ್ಲುಗಳಲ್ಲಿ ಹೊಟ್ಟಿನ ಬೂದಿ ಪುಕ್ಕಟೆ ಸಿಗುತ್ತದಲ್ಲ ಎಂದು ಅವರಿಗೆ ಹೊಳೆಯಿತು. ಚೀಲಗಟ್ಟಲೆ ತರಿಸಿದರು. ಬೆಳಿಗ್ಗೆಯೆಲ್ಲ ಬಾಗಿ ಬಾಗಿ ಗೆರೆ ಎಳೆದೆವು. ಮೈದಾನವೋ ಎರೆ ಮಣ್ಣಿನದು, ಕಡುಕಪ್ಪು. ಬೂದಿಯೂ ಕಪ್ಪು. ಉದ್ಘಾಟನೆಗೆ ಬಂದ ಅತಿಥಿಗಳು ಸುತ್ತ ನೋಡಿ, "ಎಲ್ಲಾ ಛಲೋ ಐತಿ, ಗೆರಿ ಯಾವಾಗ ಹಾಕ್ತೀರಿ?" ಎಂದು ಕೇಳಿದರು. ಹೆಡ್‌ಮಾಸ್ತರು ಗೆರೆಯ ಮೇಲೆಯೇ ನಿಂತು, "ಇಲ್ಲೇ ಇದ್ವಲ್ರೀ" ಎಂದು ಹುಡುಕತೊಡಗಿದರು.

ಅಂದು ಮಾನ ಉಳಿಸಿದವಳು ಖೋ ಖೋ ತಂಡದ ನಾಯಕಿ ಶಾಹೀನ್. ಹುಡುಗಿಯರನ್ನು ಓಣಿ ಓಣಿಗೆ ಓಡಿಸಿ ರಂಗೋಲಿ ಪುಡಿ ತರಿಸಿದಳು. ಅವಳ ಮನೆಯಲ್ಲಿ ರಂಗೋಲಿ ಹಾಕುವ ಪದ್ಧತಿ ಇಲ್ಲ, ಆದರೆ ಎಲ್ಲರಿಗಿಂತ ಹೆಚ್ಚು ತಂದವಳು ಅವಳೇ. ಅಕ್ಕಪಕ್ಕದ ಮನೆಗಳಲ್ಲಿ ಒಂದು ಡಬ್ಬಿಯನ್ನೂ ಬಿಟ್ಟಿರಲಿಲ್ಲ. ಮರುದಿನ ಆ ಓಣಿಯ ಅಂಗಳಗಳೆಲ್ಲ ಬರಿದಾಗಿದ್ದವಂತೆ.

ಹೊಸಬರಿಗೆ ಒಂದು ಮಾತು. ಆಟಕ್ಕೆ ಬರುವ ಮಗು ಏನೇನು ಬಿಟ್ಟು ಬರುತ್ತದೆ ಎಂಬುದನ್ನು ತಿಳಿದುಕೊಳ್ಳಿ. ಬೆಳಗಿನ ಸಿಹಿ ನಿದ್ದೆ ಬಿಡುತ್ತದೆ, ಸೋದರಮಾವನ ಮದುವೆ ಬಿಡುತ್ತದೆ. ಪಂಚಮಿಗೆ ಊರಿನ ಹುಡುಗಿಯರೆಲ್ಲ ಜೋಕಾಲಿ ಜೀಕುವಾಗ ನನ್ನವರು ಮೈದಾನದಲ್ಲಿ ಬೆವರು ಸುರಿಸುತ್ತಿದ್ದರು. ಶಾಹೀನ್ ರಂಜಾನ್ ಉಪವಾಸದ ರೋಜಾ ಇಟ್ಟುಕೊಂಡೇ ಬರುತ್ತಿದ್ದಳು. ಸುಮ್ಮನೆ ಕುಳಿತು ನೋಡು ಎಂದರೆ ಮುಖ ಊದಿಸುತ್ತಿದ್ದಳು. ಇನ್ನು ತಾಯಂದಿರ ಕಾಟ ಬೇರೆ. ಒಬ್ಬಾಕೆ ಶಾಲೆಗೇ ಬಂದು ಜಗಳ ತೆಗೆದಳು: "ಅಕ್ಕೋರ, ನನ್ನ ಮಗಳು ಬಿಸಲಾಗ ಆಡಿ ಕರ್ರಗ ಆಗ್ಯಾಳ. ನಾಳೆ ನೋಡಾಕ ಬಂದೋರು ಏನಂತಾರ?"

"ಮೊದ್ಲ ಆಕಿ ಅವರ ಕೈಗೆ ಸಿಗಬೇಕಲ್ರೀ. ಹಂಗ ಓಡ್ತಾಳ ನಿಮ್ಮ ಮಗಳು" ಎಂದೆ. ಆ ತಾಯಿ ನಗು ತಡೆಯಲಾಗದೆ ಜಗಳ ಮರೆತು ಹೋದಳು. ಎಲ್ಲ ಸಲವೂ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ.

ಹುಲಿಗೆಮ್ಮನ ವಿಷಯ ಹಾಗೆ ಮುಗಿಯಲಿಲ್ಲ.

ಹುಲಿಗೆಮ್ಮ ಒಂಬತ್ತನೇ ಇಯತ್ತೆಯಲ್ಲಿದ್ದಳು. ಸಿಂಧನೂರು ರಸ್ತೆಯಲ್ಲಿ ಕಾಲುವೆಯ ಪಕ್ಕದ ಒಂದು ಕ್ಯಾಂಪಿನಿಂದ ಬರುತ್ತಿದ್ದಳು. ಆಂಧ್ರದಿಂದ ಬಂದು ನೆಲೆಸಿದ ಭತ್ತದ ರೈತರ ಊರುಗಳನ್ನು ನಮ್ಮಲ್ಲಿ ಕ್ಯಾಂಪು ಎನ್ನುತ್ತಾರೆ. ತಂದೆ ತಾಯಿ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು, ಇವಳು ಅಜ್ಜಿ ದುರುಗಮ್ಮನ ಜೊತೆ ಇದ್ದಳು. ಖೋ ಖೋದಲ್ಲಿ ಎಂಟು ಜನ ಸಾಲಾಗಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ, ಒಬ್ಬಳು ಬೆನ್ನಟ್ಟುತ್ತಾಳೆ. ಅವಳು ಕೂತವಳ ಬೆನ್ನು ಮುಟ್ಟಿ ಖೋ ಎಂದರೆ ಇವಳು ಎದ್ದು ಓಡಬೇಕು, ಓಡುತ್ತಿದ್ದವಳು ಇವಳ ಜಾಗದಲ್ಲಿ ಕೂರಬೇಕು. ಎದ್ದವಳು ಹಿಂದಕ್ಕೆ ತಿರುಗುವಂತಿಲ್ಲ, ತುದಿಯ ಕಂಬದ ತನಕ ಒಂದೇ ದಿಕ್ಕಿಗೆ ಓಡಬೇಕು. ಕೂತಲ್ಲಿಂದ ಹುಲಿಗೆಮ್ಮ ಏಳುತ್ತಿದ್ದ ರೀತಿಯನ್ನು ನಾನು ಮತ್ತೆ ಯಾರಲ್ಲೂ ನೋಡಲಿಲ್ಲ. ಖೋ ಎಂಬ ಸದ್ದು ಮುಗಿಯುವುದರೊಳಗೆ ಎದುರಾಳಿಯ ಜಡೆಯ ಹತ್ತಿರ ಇರುತ್ತಿದ್ದಳು. ನನಗೆ ಅವಳ ಮೇಲೆ ವಿಪರೀತ ಪ್ರೀತಿ ಇತ್ತು. ಅದಕ್ಕೇ ಎಲ್ಲರಿಗಿಂತ ಹೆಚ್ಚು ಬೈಯುತ್ತಿದ್ದೆ.

ಕಾಲುವೆಗೆ ನೀರು ಬಿಟ್ಟರು. ಭತ್ತದ ನಾಟಿ ಶುರುವಾಯಿತು. ಕ್ಯಾಂಪಿನ ಹುಡುಗಿಯರು ಒಬ್ಬೊಬ್ಬರಾಗಿ ಶಾಲೆಯಿಂದ ಮಾಯವಾದರು, ಹುಲಿಗೆಮ್ಮನೂ ಮಾಯವಾದಳು. ತಾಲೂಕು ಪಂದ್ಯ ಹತ್ತಿರ ಬಂದಿತ್ತು. ಆಟದ ದಿನ ಗೊತ್ತು ಮಾಡುವವರು ಕಾಲುವೆಯ ನೀರು ನೋಡಿ ಮಾಡುವುದಿಲ್ಲವಲ್ಲ. ನಾನು ಶೇರ್ ಆಟೋ ಹತ್ತಿ ಕ್ಯಾಂಪಿಗೆ ಹೋದೆ.

ದುರುಗಮ್ಮ ಗಿಡ್ಡ ಹೆಂಗಸು, ದನಿ ಮಾತ್ರ ದೊಡ್ಡದು. ನಾಟಿ ಮಾಡುವ ಹೆಂಗಸರ ಗುಂಪೊಂದಕ್ಕೆ ಅವಳೇ ಮುಂದಾಳು. ಗುಂಪು ಗುತ್ತಿಗೆ ಹಿಡಿದರೆ ಪ್ರತಿಯೊಬ್ಬಳಿಗೂ ಸಾಲಿನಲ್ಲಿ ಒಂದು ಜಾಗ. ಹುಲಿಗೆಮ್ಮನ ಜಾಗ ಅಜ್ಜಿಯ ಎಡಕ್ಕೆ.

"ಅಕ್ಕೋರ, ನೀವು ಮನಿ ತನಕ ಬಂದೀರಿ, ಚಾ ಕುಡೀರಿ. ಹುಡುಗೀನ ಮಾತ್ರ ಕೇಳಬ್ಯಾಡ್ರಿ" ಎಂದಳು.

"ಆಟ ಆಡಿ ಬಂದ ಮ್ಯಾಲ ಮತ್ತ ನಿಮ್ಮ ಜೋಡಿ ಬರ್ತಾಳಲ್ಲ, ಆಯಿ."

"ಸಾಲಿನ್ಯಾಗ ಒಬ್ಬಾಕಿ ಕಡಿಮಿ ಆದ್ರ ಆಕಿ ಪಾಲಿನ ಸಸಿ ಉಳಿದೋರ ಮ್ಯಾಲೆ ಬೀಳ್ತಾವ. ಅವರಿಗೂ ನಡ ಐತಿ, ನೋವು ಐತಿ. ಈಕಿ ಆಡಿಕೊಂತ ಹೋದ್ರ ನೆಲ್ಲು ಯಾರು ಹಚ್ಚಬೇಕು? ನೀವು ಬರ್ತೀರೇನು?"

ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬಾಗಿಲಲ್ಲಿ ನಿಂತ ಹುಲಿಗೆಮ್ಮ ಮೊಣಕೈಗೆ ಮೆತ್ತಿದ ಒಣ ಕೆಸರನ್ನು ಕೆರೆಯುತ್ತಾ ನಮ್ಮಿಬ್ಬರನ್ನೂ ನೋಡದೆ ನಿಂತಿದ್ದಳು. ಈ ಹಂಗಾಮು ಮುಗಿಯುವ ತನಕ ಎಂದು ಶಾಲೆ ಬಿಟ್ಟ ಎಷ್ಟೋ ಹುಡುಗಿಯರನ್ನು ನಾನು ಕಂಡಿದ್ದೆ. ಅವರು ತಿರುಗಿ ಬರುತ್ತಿರಲಿಲ್ಲ, ಮರುವರ್ಷ ಅವರ ಲಗ್ನಪತ್ರಿಕೆ ಬರುತ್ತಿತ್ತು. ಇವಳೂ ಹಾಗೆ ಕೈಬಿಟ್ಟು ಹೋಗುತ್ತಾಳೆಂಬ ದಿಗಿಲು ನನ್ನನ್ನು ಹಿಡಿದುಕೊಂಡಿತು.

ಮರುದಿನ ಮೈದಾನದಲ್ಲಿ ತಂಡದ ಮುಂದೆ ಎಲ್ಲ ಹೇಳಿದೆ. ಶಾಹೀನ್, "ಆಯಿ ಕೇಳಿದ್ದು ಖರೇ ಐತ್ರೀ ಅಕ್ಕೋರ. ನಾವ ಹೋಗೂಣ್ರೀ, ಮುಯ್ಯಿಗೆ" ಎಂದಳು.

ಮುಯ್ಯಿ ಎಂದರೆ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಇಂದು ನೀವು ನಮ್ಮ ಹೊಲಕ್ಕೆ ಬಂದು ದುಡಿದರೆ ನಾಳೆ ನಾವು ನಿಮ್ಮ ಹೊಲಕ್ಕೆ ಬರಬೇಕು. ಕೂಲಿ ಇಲ್ಲ, ದುಡಿಮೆಗೆ ದುಡಿಮೆಯೇ ಬದಲು. ಒಣ ಬೇಸಾಯದ ಕಡೆ ಕಳೆ ತೆಗೆಯಲು, ರಾಶಿ ಮಾಡಲು ಹೀಗೆ ಹೋಗುತ್ತಾರೆ. ಖೋ ಖೋ ತಂಡವೊಂದು ಮುಯ್ಯಿಗೆ ಹೋದದ್ದನ್ನು ಮಾತ್ರ ನಾನು ಕೇಳಿರಲಿಲ್ಲ.

ಹೆಡ್‌ಮಾಸ್ತರು ಕುರ್ಚಿಯಿಂದ ಎದ್ದೇಬಿಟ್ಟರು. "ಸಾಲಿ ಮಕ್ಕಳನ್ನ ಗದ್ದಿಗೆ ಇಳಸಿದ್ರು ಅಂತ ಪೇಪರ್‌ನಾಗ ಬಂದ್ರ ನನ್ನ ಗತಿ ಏನ್ರೀ?" ಕೊನೆಗೆ ಭಾನುವಾರ, ತಾಯಂದಿರ ಒಪ್ಪಿಗೆ ಪಡೆದು, ನಾನೂ ಕೆಸರಿಗಿಳಿಯುವುದಾದರೆ ತಮಗೇನೂ ಗೊತ್ತಿಲ್ಲ ಎಂದರು. ಹೊಸಬರೇ, ನೀವು ಇಂಥ ಸಾಹಸ ಮಾಡಬೇಡಿ, ಈಗಿನ ಕಾಲದಲ್ಲಿ ನೋಟಿಸು ಖಂಡಿತ.

ಗದ್ದೆಯಲ್ಲಿ ಮೊದಲು ಬಿದ್ದವಳು ನಾನು. ಎರಡು ಹೆಜ್ಜೆ ಹಿಂದೆ ಸರಿದೆನೋ ಇಲ್ಲವೋ, ಕೆಸರಿನಲ್ಲಿ ಧೊಪ್ಪೆಂದು ಕುಳಿತೆ. ದುರುಗಮ್ಮ ನಡದ ಮೇಲೆ ಕೈಯಿಟ್ಟು, "ಅಕ್ಕೋರ, ಸೀಟಿ ಊದಿಕೊಳ್ರಿ, ಎದ್ದುಬಿಡ್ತೀರಿ" ಎಂದಳು. ಇಡೀ ಗುಂಪು ಬಿದ್ದು ಬಿದ್ದು ನಕ್ಕಿತು. ನನ್ನ ಹುಡುಗಿಯರು ನಗಬಾರದೆಂದು ತುಟಿ ಕಚ್ಚಿಕೊಂಡಿದ್ದರು, ಅದು ಇನ್ನೂ ಅವಮಾನ. ಗದ್ದೆಯ ಮಾಲೀಕರು ಬೈಕಿನಲ್ಲಿ ಬಂದು, "ಏಂಟಮ್ಮಾ ಇದಿ?" ಎಂದು ತೆಲುಗಿನಲ್ಲಿ ಕೇಳುತ್ತಾ ಗಾಬರಿಯಾಗಿ ಬದುವಿನ ಮೇಲೆ ನಿಂತರು. ನಮ್ಮವರು ಹಚ್ಚಿದ ಸಸಿ ಕೆಲವು ತೇಲುತ್ತಿದ್ದವು, ಕೆಲವು ಮಲಗಿದ್ದವು. ದುರುಗಮ್ಮ ಬೈಯುತ್ತಾ ಕಿತ್ತು ಮತ್ತೆ ನೆಟ್ಟಳು. ಹುಲಿಗೆಮ್ಮ ಒಬ್ಬೊಬ್ಬರ ಕೈ ಹಿಡಿದು ಬೆರಳು ಎಷ್ಟು ಆಳ ಹೋಗಬೇಕೆಂದು ತೋರಿಸಿದಳು. ಮೈದಾನದಲ್ಲಿ ಬಾಯಿಯೇ ಬಿಡದ ಹುಡುಗಿ ಅಲ್ಲಿ ಎಲ್ಲರಿಗೂ ಅಕ್ಕೋರಾಗಿದ್ದಳು.

ಬಿಸಿಲೇರಿದಂತೆ ನಡ ಹಿಡಿಯಿತು. ನಾಟಿಯ ಹೆಂಗಸರು ಸಾಲು ಮುಗಿಯುವ ತನಕ ನೆಟ್ಟಗಾಗುವುದಿಲ್ಲ, ನನ್ನ ಹುಡುಗಿಯರಿಗೆ ಅದು ಆಗಲಿಲ್ಲ. ಆಗ ಬದುವಿನ ಮೇಲೆ ಸುಧಾರಿಸಿಕೊಳ್ಳುತ್ತಿದ್ದ ಶಾಹೀನ್ ಇಳಿದು ಬಂದು ಒಬ್ಬಳ ಬೆನ್ನು ಮುಟ್ಟಿ "ಖೋ" ಎಂದಳು. ಆ ಹುಡುಗಿ ಎದ್ದು ಬದುವಿಗೆ ಓಡಿದಳು, ಶಾಹೀನ್ ಅವಳ ಜಾಗದಲ್ಲಿ ಬಾಗಿದಳು. ಅಲ್ಲಿಂದ ಮುಂದೆ ಗದ್ದೆಯ ತುಂಬ ಖೋ ಖೋ ಎಂಬ ಸದ್ದು. ಸಾಲು ಒಂದು ಕ್ಷಣವೂ ನಿಲ್ಲಲಿಲ್ಲ.

ದುರುಗಮ್ಮ ನೋಡಿ ನೋಡಿ, "ಏನಬೇ ಅದು ಖೋ ಅಂದ್ರ?" ಎಂದು ಮೊಮ್ಮಗಳನ್ನು ಕೇಳಿದಳು.

"ನಮ್ಮ ಆಟ ಆಯಿ. ಓಡಾಕಿ ದಣಿದ್ರ ಕುಂತಾಕಿನ್ನ ಎಬ್ಬಸ್ತಾಳ. ಆಕಿ ಜಾಗದಾಗ ತಾ ಕುಂದರ್ತಾಳ."

"ಅಂದ್ರ ಒಬ್ಬಾಕಿ ಕೆಲಸ ಇನ್ನೊಬ್ಬಾಕಿ ಮಾಡೋದು. ಇದೂ ಮುಯ್ಯಿನ ಬಿಡು" ಎಂದಳು ದುರುಗಮ್ಮ. ಸ್ವಲ್ಪ ಹೊತ್ತಾದ ಮೇಲೆ, ಯಾರೂ ನೋಡುತ್ತಿಲ್ಲವೆಂದುಕೊಂಡು, ತನ್ನ ಪಕ್ಕದ ಹುಡುಗಿಗೆ ಬೆನ್ನು ತೋರಿಸಿ, "ನನಗೊಂದು ಖೋ ಕೊಡಬೇ" ಎಂದು ಪಿಸುಗುಟ್ಟಿದಳು. ನಾನು ನೋಡಿದೆ. ಆ ಮುದುಕಿಯ ಮೇಲೆ ನನಗೆ ಆಗಲೇ ಪ್ರೀತಿ ಹುಟ್ಟಿದ್ದು.

ಸಂಜೆ ಕಾಲುವೆಯಲ್ಲಿ ಕೈಕಾಲು ತೊಳೆಯುವಾಗ ಅವಳು ತೀರ್ಪು ಕೊಟ್ಟಳು: "ಕರಕೊಂಡು ಹೋಗ್ರಿ. ಗೆದ್ರ ಮುಂದ ನೋಡೂಣು. ಸೋತು ಬಂದ್ರ ಆಟ ಬಂದ್, ಓದು ಬಂದ್. ನನ್ನ ಎಡಕ್ಕ ಬಂದು ನಿಂದರಬೇಕು." ಹುಲಿಗೆಮ್ಮ ತಲೆಯಾಡಿಸಿದಳು. ಆ ಷರತ್ತು ನಮ್ಮ ಜೊತೆ ಪ್ರತಿ ಪಂದ್ಯಕ್ಕೂ ಬಂತು.

ಮಸ್ಕಿ ಆಗ ಲಿಂಗಸುಗೂರು ತಾಲೂಕಿನಲ್ಲಿತ್ತು. ತಾಲೂಕು ಗೆದ್ದೆವು, ರಾಯಚೂರಿನಲ್ಲಿ ಜಿಲ್ಲೆಯನ್ನೂ ಗೆದ್ದೆವು. ವಿಭಾಗ ಮಟ್ಟಕ್ಕೆ ಕಲಬುರಗಿಗೆ ಹೋದೆವು. ಅಲ್ಲಿ ಕಂಡದ್ದು ಮ್ಯಾಟ್. ಆಗಷ್ಟೇ ಖೋ ಖೋ ಮಣ್ಣಿನಿಂದ ಮ್ಯಾಟಿನ ಮೇಲೆ ಹತ್ತತೊಡಗಿತ್ತು. ನಮ್ಮವರು ಹುಟ್ಟಿನಿಂದ ಬರಿಗಾಲಲ್ಲಿ ಎರೆ ಮಣ್ಣಿನಲ್ಲಿ ಆಡಿದವರು. ಬರಿಗಾಲಿಗೆ ಮ್ಯಾಟು ಕಾದು ಚರ್ಮ ಕಿತ್ತಿತು. ಬೇರೆ ತಂಡದವರ ಬೂಟು ಇಸಿದುಕೊಂಡು ಹಾಕಿದರೆ ಕಾಲು ತಮ್ಮವಲ್ಲ ಎನ್ನುವಂತಾಯಿತು. ಕೊನೆಯ ಗಳಿಗೆಯಲ್ಲಿ ಶಾಹೀನ್ ಖೋ ಕೊಟ್ಟಳು, ಹುಲಿಗೆಮ್ಮ ಎದ್ದಳು, ಬೂಟು ಜಾರಿತು. ಎದುರಾಳಿ ತಪ್ಪಿಸಿಕೊಂಡಳು. ಸೋತೆವು.

ವಾಪಸು ಬರುವಾಗ ಬಸ್ಸಿನಲ್ಲಿ ಯಾರೂ ಹಾಡಲಿಲ್ಲ. ಲಿಂಗಸುಗೂರು ದಾಟಿದ ಮೇಲೆ ಹುಲಿಗೆಮ್ಮ, "ಮುಗೀತಲ್ರೀ ಅಕ್ಕೋರ" ಎಂದಳು, ಅಷ್ಟೇ. ನಾನು ಅವಳ ಕೈ ಹಿಡಿದು ಕೂತೆ.

ಸೋಮವಾರ ಅವಳು ಶಾಲೆಗೆ ಬರಲಿಲ್ಲ. ಆ ವಾರವೆಲ್ಲ ಬರಲಿಲ್ಲ. ಅವಳಿಲ್ಲದ ಸಾಲಿನಲ್ಲಿ ಹುಡುಗಿಯರು ಒಂದು ಜಾಗ ಖಾಲಿ ಬಿಟ್ಟು ಕೂರುತ್ತಿದ್ದರು. ನಾನು ಕಂಡೂ ಕಾಣದಂತೆ ಸೀಟಿ ಊದುತ್ತಿದ್ದೆ.

ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಟ್ರ್ಯಾಕ್ಟರ್ ಸದ್ದು ಕೇಳುತ್ತಿದೆ ಎಂದು ಜವಾನ ಬಂದು ಕರೆದ. ಹೋಗಿ ನೋಡಿದರೆ ಗದ್ದೆಯ ಮಾಲೀಕರ ಟ್ರ್ಯಾಕ್ಟರ್, ಟ್ರಾಲಿ ತುಂಬ ಸಣ್ಣ ಕಲ್ಲು ಬೆರೆತ ಗರಸು ಮಣ್ಣು, ಸಲಿಕೆ ಬುಟ್ಟಿ ಹಿಡಿದ ಹೆಂಗಸರು. ಮುಂದೆ ದುರುಗಮ್ಮ. ಹಿಂದೆ ಬುಟ್ಟಿ ಹೊತ್ತ ಹುಲಿಗೆಮ್ಮ.

"ಮುಯ್ಯಿ ತೀರಸಾಕ ಬಂದೀವ್ರೀ. ಎರಿ ನೆಲ ಇದು, ಮಳಿಗೆ ಅಂಟತೈತಿ, ಬಿಸಲಿಗೆ ಬಾಯಿ ಬಿಡ್ತೈತಿ. ಇದರಾಗ ಆಡಿದ ಹುಡುಗ್ಯಾರು ಹೊರಗ ಹೋಗಿ ಹ್ಯಾಂಗ ಗೆಲ್ಲಬೇಕು?"

"ಆದ್ರ ನಾವು ಸೋತೀವಲ್ಲ, ಆಯಿ. ನೀವು ಹೇಳಿದ್ದು..."

ದುರುಗಮ್ಮ ಸಲಿಕೆ ನೆಲಕ್ಕೂರಿದಳು. "ಹೇಳಿದ್ದು ಖರೇ. ಸೋತು ಬಂದಾಕಿ ಅಳ್ತಾಳ, ನಾಕ ದಿನಕ್ಕ ಮರೀತಾಳ ಅಂದ್ಕೊಂಡಿದ್ದೆ. ದಿನಾ ಗದ್ದ್ಯಾಗ ದುಡಿದ ಮ್ಯಾಲ ಕಾಲುವಿ ದಂಡಿಗುಂಟ ಓಡಾಕತ್ಯಾಳ. ಯಾರು ನೋಡ್ತಾರ, ಯಾರು ಕಪ್ ಕೊಡ್ತಾರ? ಯಾರೂ ಇಲ್ಲ. ಸೋತ ಮ್ಯಾಲೂ ಓಡಾಕಿನ್ನ ನಾ ಹ್ಯಾಂಗ ಕಟ್ಟಿ ಹಾಕ್ಲಿ ಅಕ್ಕೋರ? ನನ್ನ ಎಡಕ್ಕ ಬ್ಯಾರೆದಾಕಿನ್ನ ನಿಂದ್ರಿಸೀನಿ. ನೀವು ಈಕಿನ್ನ ಬಿಡಬ್ಯಾಡ್ರಿ."

ನಾನು ಆ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡು, ಯಾರೂ ತಪ್ಪು ಮಾಡದಿದ್ದರೂ ಜೋರಾಗಿ ಸೀಟಿ ಊದಿದೆ. ಸಂಜೆಯೊಳಗೆ ಅಂಕಣಕ್ಕೆಲ್ಲ ಗರಸು ಬಿದ್ದು, ನೀರು ಹೊಡೆದು, ಗಟ್ಟಿಯಾಗಿ ಕೂತಿತ್ತು. ಗೆರೆಗೆ ಸುಣ್ಣ ಸಾಕ್ಷಾತ್ ಹೆಡ್‌ಮಾಸ್ತರೇ ತಂದರು.

ಆಡಿದ್ದರಿಂದ ಏನು ಸಿಕ್ಕಿತು ಎಂದು ತಂದೆ ತಾಯಿ ನಿಮ್ಮನ್ನು ಕೇಳುತ್ತಾರೆ. ಅವರು ಕೇಳುವುದು ನೌಕರಿಯ ಬಗ್ಗೆ. ಸುಳ್ಳು ಹೇಳಬೇಡಿ. ಕ್ರೀಡಾ ಕೋಟಾ ಕೈಹಿಡಿದದ್ದು ನನ್ನ ಮಕ್ಕಳಲ್ಲಿ ಕೆಲವರನ್ನಷ್ಟೇ. ಶಾಹೀನ್ ವಕೀಲೆಯಾಗಿದ್ದಾಳೆ, ಅಂಪೈರುಗಳ ಜೊತೆ ವಾದಿಸಿದ್ದು ವ್ಯರ್ಥವಾಗಲಿಲ್ಲ. ಹುಲಿಗೆಮ್ಮ ರಾಜ್ಯ ತಂಡಕ್ಕೆ ಹೋಗಲಿಲ್ಲ. ಪೊಲೀಸ್ ಆಯ್ಕೆಯಲ್ಲಿ ಎತ್ತರ ಸಾಲದೆ ಬಿದ್ದಳು. ಅಜ್ಜಿಯ ಗಿಡ್ಡತನವೇ ಬಂದಿತ್ತು. ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಕೆಲವೇ ದಿನಕ್ಕೆ ಮತ್ತೆ ಫೋನು ಮಾಡಿ, ನರ್ಸಿಂಗ್ ಸೇರುತ್ತೇನೆ ಎಂದಳು. ಹತ್ತು ಜನರೆದುರು ಸೋತು, ಮರುದಿನ ಜಡೆ ಬಿಗಿದುಕೊಂಡು ಅದೇ ಜನರೆದುರು ಬರುವುದನ್ನು ಯಾವ ಪುಸ್ತಕದಿಂದ ಕಲಿಸುತ್ತೀರಿ? ನನಗಂತೂ ಮೈದಾನವೊಂದೇ ಗೊತ್ತು.

ನಿವೃತ್ತಿಯಾದ ಮೇಲೆ ನನ್ನ ಮೊಣಕಾಲು ಕೈಕೊಟ್ಟಿತು. ಸಿಂಧನೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮರುದಿನ ಎದ್ದು ನಡೆಯಬೇಕೆಂದರು. ನೋವಿಗೆ ಹೆದರಿ ನಾನು ಮಂಚದ ಅಂಚಿನಲ್ಲಿ ಕುಳಿತವಳು ಏಳಲೇ ಇಲ್ಲ. ನಡೆಸಲು ಬಂದ ಹುಡುಗನನ್ನು ಬೈದು ಕಳಿಸಿದೆ, ಡಾಕ್ಟರಿಗೂ ಎರಡು ಮಾತು ಅಂದೆ. ಜೀವಮಾನವಿಡೀ ಮಕ್ಕಳಿಗೆ ಏಳು ಏಳು ಎಂದವಳ ಹಣೆಬರಹ ನೋಡಿ.

ಹಿಂದಿನಿಂದ ಯಾರೋ ಬಂದ ಸದ್ದಾಯಿತು. ಬೆನ್ನ ಮೇಲೆ ಅಂಗೈ ಬಿತ್ತು.

"ಖೋ!"

ಆ ದನಿಗೆ ಮೈ ತಾನಾಗಿ ಎದ್ದಿತು. ನೋವು ನೆನಪಾದದ್ದು ನಿಂತ ಮೇಲೆ. ವಾಕರ್ ಹಿಡಿದು ತಿರುಗಿ ನೋಡಿದರೆ ನರ್ಸ್ ಉಡುಪಿನ ಹುಲಿಗೆಮ್ಮ ಮಂಚದ ಮೇಲೆ ನನ್ನ ಜಾಗದಲ್ಲಿ ಕುಳಿತಿದ್ದಳು. "ಹಿಂದ ತಿರುಗಬ್ಯಾಡ್ರಿ ಅಕ್ಕೋರ, ಫೌಲ್ ಆಗ್ತೈತಿ. ಬಾಗಲಾ ಅಂದ್ರ ಕಂಬ ಅಂದ್ಕೊಳ್ರಿ, ನಡೀರಿ" ಎಂದಳು.

ಬಾಗಿಲ ತನಕ ಅಳುತ್ತಾ ನಡೆದೆ. ನೋವಿಗೆ ಎಂದು ಎಲ್ಲರೂ ತಿಳಿದುಕೊಂಡರು. "ಅಂತೂ ಮುಯ್ಯಿ ತೀರಿಸಿದೆಲ್ಲಬೇ" ಎಂದೆ.

"ನಂದು ತೀರಿತ್ರೀ. ಈಗ ಪಾಳಿ ನಿಮ್ದು" ಎಂದಳು. "ಮಸ್ಕಿ ಸಾಲ್ಯಾಗ ಪೀಟಿ ಜಾಗ ಖಾಲಿ ಐತಿ. ನಮ್ಮ ಆಯಿ ಹಾಕಿದ ಗರಸಿನ ಮ್ಯಾಲ ಜಾಲಿ ಬೆಳೆದೈತಿ. ಆಯಿ ಈಗ ಇದ್ದಿದ್ರ ಯಾರನ್ನೂ ಕೇಳ್ತಿರಲಿಲ್ಲ, ಸಲಿಕಿ ತಗೊಂಡು ಹೋಗ್ತಿದ್ಲು."

ಈಗ ಭಾನುವಾರ ನಾನು ಬಸ್ಸು ಹತ್ತಿ ಮಸ್ಕಿಗೆ ಹೋಗುತ್ತೇನೆ. ಡ್ಯೂಟಿ ಇಲ್ಲದ ದಿನ ಹುಲಿಗೆಮ್ಮನೂ ಬರುತ್ತಾಳೆ. ಜಾಲಿ ಕಡಿಸಿದ್ದೇವೆ. ಹುಡುಗಿಯರು ಬೂಟು ಹಾಕಿಕೊಂಡೇ ಆಡುತ್ತಾರೆ. ನಾನು ಬೇವಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಸೀಟಿ ಊದುತ್ತೇನೆ, ಬೈಯುತ್ತೇನೆ. ಮೊನ್ನೆ ಚಹಾ ಕುಡಿಯಲು ಬಂದಿದ್ದ ಹುಡುಗಿಯರೇ, ನಿಮ್ಮಿಬ್ಬರಲ್ಲಿ ಯಾರಿಗೆ ಮಸ್ಕಿ ಸಿಗುತ್ತದೋ ತಿಳಿಯದು. ಸಿಕ್ಕವರು ಬಂದು ಆ ಸಾಲಿನಲ್ಲಿ ಕೂತಿರಿ, ನಾನೇ ಬಂದು ಬೆನ್ನು ಮುಟ್ಟುತ್ತೇನೆ. ಖೋ ಎಂದ ಕೂಡಲೇ ಎದ್ದುಬಿಡಿ, ನನ್ನ ಮೊಣಕಾಲು ಇನ್ನು ಬಹಳ ಹೊತ್ತು ಓಡುವುದಿಲ್ಲ.